ಗೃಹ ಮಟ್ಟದ ಸಿಎನ್‌ಸಿ ರೂಟರ್ ಯಂತ್ರದಲ್ಲಿ ಟಿ-ಟ್ರ್ಯಾಕ್‌ಗೆ ಕ್ಲಾಂಪ್‌ಗಳನ್ನು ಅಳವಡಿಸುವ ಕ್ರಮ

(ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಮರಗೆಲಸಗಾರರು, ಸ್ವಯಂ ಉದ್ಯೋಗಿಗಳು ಹಾಗೂ ಹವ್ಯಾಸಿಗಳ ಮಾಹಿತಿಗಾಗಿ)

ಪೀಠಿಕೆ

ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಯಂತ್ರದ ಕೆಲಸ ಹೊಸದಲ್ಲ. 1880ರ ದಶಕದಲ್ಲಿ ಇಲ್ಲಿ ಆಧುನಿಕ ಗಣಿಗಾರಿಕೆ ಬೇರೂರಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗಳಿಗೆ ವಿದ್ಯುತ್ ಸರಬರಾಜು ಆರಂಭವಾಯಿತು. ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸಂಸ್ಥೆಯ ಗಣಿಗಳು 28-02-2001ರಂದು ಮುಚ್ಚಲ್ಪಟ್ಟವಾದರೂ, 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಕೆ.ಜಿ.ಎಫ್. ಘಟಕದಿಂದಾಗಿ ಭಾರೀ ಯಂತ್ರಗಳ ತಯಾರಿಕೆ ಇಲ್ಲಿ ಮುಂದುವರಿದಿದೆ. ಫಿಟ್ಟರ್, ಟರ್ನರ್, ಮೆಷಿನಿಸ್ಟ್ ವೃತ್ತಿಯ ಅನುಭವವುಳ್ಳ ಕುಟುಂಬಗಳು ಈ ಭಾಗದಲ್ಲಿ ಅನೇಕವಿವೆ. ಮಾರಿಕುಪ್ಪಂ ಮತ್ತು ಬಂಗಾರಪೇಟೆಯಿಂದ ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ನೌಕರರೂ ಬಹುಸಂಖ್ಯೆಯಲ್ಲಿದ್ದಾರೆ.

ಮನೆಯ ಒಂದು ಕೋಣೆಯಲ್ಲಿಯೇ ಇರಿಸಬಹುದಾದ ಸಣ್ಣ ಸಿಎನ್‌ಸಿ ರೂಟರ್ ಯಂತ್ರಗಳು ಈಗ ಸುಲಭವಾಗಿ ದೊರೆಯುತ್ತಿವೆ. ನಾಮಫಲಕ, ಬಾಗಿಲಿನ ಕೆತ್ತನೆ, ದೇವರ ಮಂಟಪದ ಜಾಲರಿ, ಆಟಿಕೆ ಮುಂತಾದವುಗಳ ತಯಾರಿಕೆಗೆ ಇವು ಉಪಯುಕ್ತ. ಇಂತಹ ಯಂತ್ರವನ್ನು ಕೊಳ್ಳುವವರು ಮೋಟಾರಿನ ಶಕ್ತಿ ಮತ್ತು ಬೆಲೆಯನ್ನು ವಿಚಾರಿಸುವಷ್ಟು ಹಲಗೆಯನ್ನು ಹಿಡಿದಿಡುವ ವ್ಯವಸ್ಥೆಯನ್ನು ವಿಚಾರಿಸುವುದಿಲ್ಲ. ಆದರೆ ಹಲಗೆ ಅಲುಗಿದಲ್ಲಿ ಕೆತ್ತನೆ ಕೆಡುವುದಲ್ಲದೆ ಬಿಟ್ ಮುರಿದು ಚೂರುಗಳು ಸಿಡಿಯುವ ಸಂಭವವೂ ಇರುತ್ತದೆ. ಆದ್ದರಿಂದ ಟಿ-ಟ್ರ್ಯಾಕ್ ಮತ್ತು ಕ್ಲಾಂಪ್‌ಗಳ ಸರಿಯಾದ ಅಳವಡಿಕೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಬಳಸಲಾಗಿರುವ ಪದಗಳು

ಜಾಬ್: ಕೆತ್ತನೆಗೆ ಒಳಪಡುವ ಹಲಗೆ ಅಥವಾ ವಸ್ತು.

ಅಡಿಹಲಗೆ: ಯಂತ್ರದ ಚೌಕಟ್ಟಿಗೆ ನೇರವಾಗಿ ಬಿಗಿಯಲಾದ, ಕೆಳಪದರದ ಪ್ಲೈವುಡ್ ಅಥವಾ ಎಂಡಿಎಫ್.

ಮೇಲ್ಹಲಗೆ: ಅಡಿಹಲಗೆಯ ಮೇಲೆ ಕೂರಿಸುವ ಎಂಡಿಎಫ್ ಪಟ್ಟಿಗಳು. ಬಿಟ್ ಜಾಬನ್ನು ದಾಟಿ ಕೆಳಗಿಳಿದಾಗ ಇವು ಕೊರೆತವನ್ನು ತಾಳಿಕೊಳ್ಳುತ್ತವೆ. ಸವೆದ ನಂತರ ಬದಲಾಯಿಸಬಹುದು.

ಟಿ-ಟ್ರ್ಯಾಕ್: ತಲೆಕೆಳಗಾದ ಇಂಗ್ಲಿಷ್ 'ಟಿ' ಅಕ್ಷರದ ಆಕಾರದ ಕಾಲುವೆಯುಳ್ಳ ಅಲ್ಯೂಮಿನಿಯಂ ಪಟ್ಟಿ. ಇದರೊಳಗೆ ಬೋಲ್ಟಿನ ತಲೆ ಜಾರಿ ಸಾಗುತ್ತದೆ. ಮೇಲಕ್ಕೆ ಎಳೆದಾಗ ಕಾಲುವೆಯ ತುಟಿಗೆ ಸಿಕ್ಕಿ ನಿಲ್ಲುತ್ತದೆ.

ಕ್ಲಾಂಪ್: ಬೋಲ್ಟ್ ಹಾಯುವ ಸೀಳು ಇರುವ ಪಟ್ಟಿ. ಇದರ ಮುಂತುದಿ ಜಾಬಿನ ಮೇಲೆ, ಹಿಂತುದಿ ಒಂದು ಆಧಾರದ ತುಂಡಿನ ಮೇಲೆ ಕೂರುತ್ತದೆ. ನಡುವಿನ ಬೋಲ್ಟನ್ನು ನಾಬ್ ಅಥವಾ ನಟ್ಟಿನಿಂದ ಬಿಗಿಯಲಾಗುತ್ತದೆ.

2. ಕಬ್ಬಿಣದ ಮೇಜಿಗೂ ಹಲಗೆಯ ಮೇಜಿಗೂ ಇರುವ ವ್ಯತ್ಯಾಸ

ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಟಿ ಆಕಾರದ ಕಾಲುವೆ ಪರಿಚಿತ. ಮಿಲ್ಲಿಂಗ್, ಶೇಪಿಂಗ್, ಪ್ಲೇನಿಂಗ್ ಯಂತ್ರಗಳ ಮೇಜಿನಲ್ಲಿ ಈ ಕಾಲುವೆಗಳನ್ನು ಎರಕದ ಕಬ್ಬಿಣದಲ್ಲಿಯೇ ಕೊರೆಯಲಾಗಿರುತ್ತದೆ. ಕಾಲುವೆ ಮತ್ತು ಮೇಜು ಒಂದೇ ಲೋಹದ ತುಂಡು. ಅಲ್ಲಿ ಸ್ಪ್ಯಾನರಿನಿಂದ ಸಂಪೂರ್ಣ ಬಿಗಿಯುವುದೇ ಸರಿಯಾದ ಅಭ್ಯಾಸ.

ಹವ್ಯಾಸಿ ರೂಟರಿನಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ತೆಳುವಾದ ಅಲ್ಯೂಮಿನಿಯಂ ಟ್ರ್ಯಾಕನ್ನು ಹಲಗೆಯ ಮೇಲೆ ಸ್ಕ್ರೂಗಳಿಂದ ಕೂರಿಸಲಾಗಿರುತ್ತದೆ. ಕ್ಲಾಂಪನ್ನು ಬಿಗಿದಂತೆ ಟ್ರ್ಯಾಕ್ ಮೇಲಕ್ಕೆ ಎಳೆಯಲ್ಪಡುತ್ತದೆ. ಆ ಎಳೆತವನ್ನು ತಡೆಯುವವು ಸಮೀಪದ ಎರಡು ಮೂರು ಸ್ಕ್ರೂಗಳು ಮಾತ್ರ. ಕಬ್ಬಿಣದ ಮೇಜಿನ ಅಭ್ಯಾಸವನ್ನು ಇಲ್ಲಿ ಅನುಸರಿಸಿದಲ್ಲಿ ಟ್ರ್ಯಾಕಿನ ತುಟಿ ಬಾಗುತ್ತದೆ, ಇಲ್ಲವೇ ಸ್ಕ್ರೂ ಎಂಡಿಎಫ್‌ನಿಂದ ಪುಡಿಯೊಂದಿಗೆ ಕಿತ್ತು ಬರುತ್ತದೆ. ಕಿತ್ತು ಬರುವ ಮೊದಲು ಟ್ರ್ಯಾಕ್ ಕೂದಲೆಳೆಯಷ್ಟು ಮೇಲೇಳುವುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಕೆತ್ತನೆಯ ಆಳ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆಯಾಗುತ್ತದೆ.

ಆದ್ದರಿಂದ ಎಷ್ಟು ಬಲವಾಗಿ ಬಿಗಿಯಲಾಯಿತು ಎಂಬುದಕ್ಕಿಂತ, ಬಿಗಿದ ಬಲದಲ್ಲಿ ಎಷ್ಟು ಪಾಲು ಜಾಬಿಗೆ ತಲುಪಿತು ಎಂಬುದು ಮುಖ್ಯ. ಮುಂದಿನ ಎಲ್ಲ ಸೂಚನೆಗಳಿಗೆ ಇದೇ ಆಧಾರ.

3. ಟ್ರ್ಯಾಕನ್ನು ಕೂರಿಸುವ ವಿಧಾನ

3.1 ಅಳತೆ: ಕಾರ್ಖಾನೆಯ ಯಂತ್ರಗಳ ಟಿ-ಕಾಲುವೆಗಳಿಗೆ ಐಎಸ್ಒ 299 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಮರಗೆಲಸದ ಟ್ರ್ಯಾಕ್‌ಗಳಿಗೆ ಅಂತಹ ಏಕರೂಪತೆ ಇಲ್ಲ. ಮಾರುಕಟ್ಟೆಯಲ್ಲಿ ಸುಮಾರು 19 ಮಿ.ಮೀ. ಅಗಲದ ಹಾಗೂ 30 ಮಿ.ಮೀ. ಅಗಲದ ಎರಡು ಬಗೆಗಳು ಸಾಮಾನ್ಯ. ಒಂದರ ಬೋಲ್ಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ಮೊದಲು ಟ್ರ್ಯಾಕನ್ನು ಕೊಂಡು, ಕಾಲುವೆಯ ಬಾಯಿ, ಒಳ ಅಗಲ ಮತ್ತು ಆಳವನ್ನು ವರ್ನಿಯರ್‌ನಿಂದ ಅಳೆದು, ನಂತರ ಬೋಲ್ಟುಗಳನ್ನು ಖರೀದಿಸುವುದು ಸೂಕ್ತ. 300 × 180 ಮಿ.ಮೀ. ಕೆಲಸದ ಕ್ಷೇತ್ರವಿರುವ '3018' ಮಾದರಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೇಜೇ ಕಾಲುವೆಗಳುಳ್ಳ ಅಲ್ಯೂಮಿನಿಯಂ ಆಗಿರುವುದರಿಂದ ಅವುಗಳಿಗೆ ಪ್ರತ್ಯೇಕ ಟ್ರ್ಯಾಕ್ ಅಗತ್ಯವಿಲ್ಲ. ಭಾಗ 4 ಮತ್ತು ನಂತರದ ಭಾಗಗಳು ಅವುಗಳಿಗೂ ಅನ್ವಯಿಸುತ್ತವೆ.

3.2 ಎರಡು ಪದರ: 18 ಮಿ.ಮೀ. ದಪ್ಪದ ಒಂದೇ ಹಲಗೆಯಲ್ಲಿ ತೋಡು ಕೊರೆದು ಟ್ರ್ಯಾಕ್ ಕೂರಿಸುವ ರೂಢಿ ಇದೆ. 30 ಮಿ.ಮೀ. ಅಗಲದ ಟ್ರ್ಯಾಕಿನ ಎತ್ತರ ಸುಮಾರು 13 ಮಿ.ಮೀ. ಇರುವುದರಿಂದ ತೋಡಿನ ಕೆಳಗೆ ಉಳಿಯುವುದು 5 ಮಿ.ಮೀ. ಮಾತ್ರ. ಅಷ್ಟು ತೆಳುವಾದ ಎಂಡಿಎಫ್ ಸ್ಕ್ರೂವನ್ನು ಹಿಡಿಯಲಾರದು. ಇದರ ಬದಲಿಗೆ 18 ಮಿ.ಮೀ. ಪ್ಲೈವುಡ್‌ನ ಅಖಂಡ ಅಡಿಹಲಗೆ, ಅದರ ಮೇಲೆ ಟ್ರ್ಯಾಕ್‌ಗಳು, ಟ್ರ್ಯಾಕ್‌ಗಳ ನಡುವೆ 18 ಮಿ.ಮೀ. ಎಂಡಿಎಫ್ ಪಟ್ಟಿಗಳು ಎಂಬ ಕ್ರಮವನ್ನು ಅನುಸರಿಸುವುದು ಉತ್ತಮ. ಇದರಿಂದ ಟ್ರ್ಯಾಕ್ ಮೇಲ್ಮೈಯಿಂದ ಸುಮಾರು 5 ಮಿ.ಮೀ. ತಗ್ಗಿನಲ್ಲಿರುತ್ತದೆ. ಮೇಲ್ಹಲಗೆಯನ್ನು ಹಲವು ಬಾರಿ ಸಮತಟ್ಟು ಮಾಡಿದರೂ ಬಿಟ್ ಅಲ್ಯೂಮಿನಿಯಂಗೆ ತಗಲುವುದಿಲ್ಲ.

3.3 ಸ್ಕ್ರೂಗಳು: ಮರದ ಸ್ಕ್ರೂಗಳ ಬದಲು ತಗ್ಗುತಲೆಯ ಮೆಷಿನ್ ಸ್ಕ್ರೂಗಳನ್ನು (ಎಂ4 ಅಥವಾ ಎಂ5) ಅಡಿಹಲಗೆಯ ಮೂಲಕ ಹಾಯಿಸಿ, ಕೆಳಭಾಗದಲ್ಲಿ ಅಗಲವಾದ ವಾಷರ್ ಮತ್ತು ಲಾಕ್ ನಟ್‌ನಿಂದ ಬಿಗಿಯತಕ್ಕದ್ದು. ಆಗ ಎಳೆತವನ್ನು ಮರದ ನಾರಿನ ಬದಲು ವಾಷರಿನ ಪೂರ್ಣ ವಿಸ್ತೀರ್ಣ ತಡೆಯುತ್ತದೆ. ಸ್ಕ್ರೂಗಳ ನಡುವಿನ ಅಂತರ 150 ಮಿ.ಮೀ. ಮೀರದಿರಲಿ. ಸ್ಕ್ರೂವಿನ ತಲೆ ಕಾಲುವೆಯ ತಳಕ್ಕಿಂತ ಮೇಲೆ ಉಳಿದಲ್ಲಿ ಬೋಲ್ಟ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ.

3.4 ನೇರ ಮತ್ತು ಸಮತಟ್ಟು: ಟ್ರ್ಯಾಕ್ ಯಂತ್ರದ ಚಲನೆಗೆ ಸಮಾನಾಂತರವಾಗಿದ್ದರೆ ಜಾಬನ್ನು ನೇರವಾಗಿ ಕೂರಿಸುವುದು ಸುಲಭ. ಯಂತ್ರದಲ್ಲಿಯೇ ಚೂಪಾದ ಬಿಟ್ ಹಾಕಿ ಅಡಿಹಲಗೆಯ ಮೇಲೆ ನವಿರಾದ ಗೆರೆ ಎಳೆದು, ಆ ಗೆರೆಗೆ ಹೊಂದಿಸಿ ಟ್ರ್ಯಾಕನ್ನು ಕೂರಿಸಿದರೆ ಈ ಉದ್ದೇಶ ಈಡೇರುತ್ತದೆ. ಟ್ರ್ಯಾಕಿನ ಒಂದು ತುದಿಯನ್ನಾದರೂ ಬೋಲ್ಟ್ ತೂರಿಸಲು ತೆರೆದಿಡಬೇಕು. ಎಲ್ಲವನ್ನೂ ಬಿಗಿದ ನಂತರ, ಅಗಲವಾದ ಬಿಟ್‌ನಿಂದ ಮೇಲ್ಹಲಗೆಯನ್ನು ಒಮ್ಮೆ ಸಮತಟ್ಟುಗೊಳಿಸತಕ್ಕದ್ದು.

4. ಕ್ಲಾಂಪನ್ನು ಬಿಗಿಯುವ ವಿಧಾನ

4.1 ಬೋಲ್ಟಿನ ಸ್ಥಾನ: ಕ್ಲಾಂಪ್ ಒಂದು ಸನ್ನೆಕೋಲು. ಬೋಲ್ಟಿನ ಒಟ್ಟು ಬಲ ಮುಂತುದಿ ಮತ್ತು ಹಿಂತುದಿಗಳ ನಡುವೆ ಹಂಚಿಹೋಗುತ್ತದೆ. ಬೋಲ್ಟ್ ಯಾವ ತುದಿಗೆ ಹತ್ತಿರವಿದೆಯೋ ಆ ತುದಿಗೆ ಹೆಚ್ಚಿನ ಪಾಲು ಸೇರುತ್ತದೆ.

ಉದಾಹರಣೆಗೆ: ಎಂ6 ಬೋಲ್ಟಿನ ನಾಬನ್ನು ಕೈಯಿಂದ 2 ನ್ಯೂಟನ್-ಮೀಟರ್ ತಿರುಚು ಬಲದಲ್ಲಿ ಬಿಗಿದರೆ, ಸಾಮಾನ್ಯ ಲೆಕ್ಕದ ಪ್ರಕಾರ ಬೋಲ್ಟಿನಲ್ಲಿ ಸುಮಾರು 170 ಕೆ.ಜಿ. ತೂಕಕ್ಕೆ ಸಮನಾದ ಎಳೆತ ಉಂಟಾಗುತ್ತದೆ. ಕ್ಲಾಂಪಿನ ಎರಡು ತುದಿಗಳ ನಡುವಿನ ಅಂತರ 100 ಮಿ.ಮೀ. ಎಂದು ಭಾವಿಸಿದರೆ, ಜಾಬಿನ ಮೇಲೆ ಬೀಳುವ ಒತ್ತಡ ಈ ಕೆಳಕಂಡಂತಿರುತ್ತದೆ:

(ಅ) ಬೋಲ್ಟ್ ಮುಂತುದಿಯಿಂದ 30 ಮಿ.ಮೀ. ದೂರದಲ್ಲಿದ್ದರೆ - ಶೇ. 70, ಅಂದರೆ ಸುಮಾರು 119 ಕೆ.ಜಿ.
(ಆ) ಬೋಲ್ಟ್ ನಡುವೆ ಇದ್ದರೆ - ಶೇ. 50, ಅಂದರೆ ಸುಮಾರು 85 ಕೆ.ಜಿ.
(ಇ) ಬೋಲ್ಟ್ ಮುಂತುದಿಯಿಂದ 70 ಮಿ.ಮೀ. ದೂರದಲ್ಲಿದ್ದರೆ - ಶೇ. 30, ಅಂದರೆ ಸುಮಾರು 51 ಕೆ.ಜಿ.

ಮೂರೂ ಸಂದರ್ಭಗಳಲ್ಲಿ ಟ್ರ್ಯಾಕ್ ಅನುಭವಿಸುವ ಎಳೆತ ಒಂದೇ, 170 ಕೆ.ಜಿ. ಅಂದರೆ (ಇ) ಸಂದರ್ಭದಲ್ಲಿ ಟ್ರ್ಯಾಕಿಗೆ ಪೂರ್ಣ ಶ್ರಮ, ಜಾಬಿಗೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಪ್ರಯೋಜನ. ಹಿಡಿತ ಸಾಲದೆಂದು ಸ್ಪ್ಯಾನರಿನಿಂದ 6 ನ್ಯೂಟನ್-ಮೀಟರ್‌ವರೆಗೆ ಬಿಗಿದರೆ ಟ್ರ್ಯಾಕಿನ ಮೇಲಿನ ಎಳೆತ 500 ಕೆ.ಜಿ. ಮೀರುತ್ತದೆ. ಬೋಲ್ಟನ್ನು ಜಾಬಿನ ಸಮೀಪಕ್ಕೆ ಸರಿಸಿದರೆ ಅದೇ ಕೈಬಿಗಿತದಲ್ಲಿ ಹಿಡಿತ ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆ.

ಇಷ್ಟು ಒತ್ತಡ ಸಾಕೇ ಎಂಬ ಸಂದೇಹ ಸಹಜ. ಮರ ಮತ್ತು ಎಂಡಿಎಫ್ ನಡುವಿನ ಘರ್ಷಣಾಂಕವನ್ನು 0.3 ಎಂದು ಇಟ್ಟುಕೊಂಡರೆ, (ಅ) ಕ್ರಮದಲ್ಲಿ ಬಿಗಿದ ನಾಲ್ಕು ಕ್ಲಾಂಪ್‌ಗಳು ಜಾಬನ್ನು ಪಕ್ಕಕ್ಕೆ ಜಾರದಂತೆ ಸುಮಾರು 140 ಕೆ.ಜಿ.ವರೆಗಿನ ತಳ್ಳುವಿಕೆಯನ್ನು ತಡೆಯುತ್ತವೆ. 6 ಮಿ.ಮೀ. ಬಿಟ್ ಸರಿಯಾದ ವೇಗದಲ್ಲಿ ಮರವನ್ನು ಕೊರೆಯುವಾಗ ಉಂಟಾಗುವ ಬಲ ಇದಕ್ಕಿಂತ ಬಹಳ ಕಡಿಮೆ.

4.2 ಹಿಂತುದಿಯ ಎತ್ತರ: ಹಿಂತುದಿಯ ಆಧಾರದ ತುಂಡು ಜಾಬಿನ ದಪ್ಪಕ್ಕೆ ಸಮವಾಗಿ ಅಥವಾ 1ರಿಂದ 2 ಮಿ.ಮೀ. ಹೆಚ್ಚಾಗಿರಬೇಕು. ಹಿಂತುದಿ ತಗ್ಗಿದ್ದರೆ ಕ್ಲಾಂಪ್ ಓರೆಯಾಗಿ ಜಾಬಿನ ಅಂಚನ್ನು ಮಾತ್ರ ಕಚ್ಚುತ್ತದೆ, ಜಾಬನ್ನು ಪಕ್ಕಕ್ಕೆ ತಳ್ಳುತ್ತದೆ, ಬೋಲ್ಟನ್ನೂ ಬಾಗಿಸುತ್ತದೆ. ಅದೇ ಹಲಗೆಯಿಂದ ಉಳಿದ ತುಂಡನ್ನು ಆಧಾರವಾಗಿ ಬಳಸಿ, ಅದರ ಮೇಲೆ ದಪ್ಪ ರಟ್ಟಿನ ಚೂರನ್ನು ಇರಿಸಿದರೆ ಸರಿಯಾದ ಎತ್ತರ ತಾನಾಗಿ ದೊರೆಯುತ್ತದೆ.

4.3 ಬೋಲ್ಟಿನ ಬಗೆ: ಟ್ರ್ಯಾಕಿನೊಳಗೆ ಜಾರುವ ನಟ್ ಇರಿಸಿ, ಮೇಲಿನಿಂದ ಬೋಲ್ಟ್ ಹಾಕುವ ಪದ್ಧತಿಯಲ್ಲಿ ಒಂದು ಅಪಾಯವಿದೆ. ಬೋಲ್ಟ್ ಉದ್ದವಾಗಿದ್ದರೆ ಅದರ ತುದಿ ನಟ್ಟನ್ನು ದಾಟಿ ಕಾಲುವೆಯ ತಳವನ್ನು ಒತ್ತುತ್ತದೆ. ಆಗ ತಳ ಕೆಳಕ್ಕೆ, ತುಟಿ ಮೇಲಕ್ಕೆ ಸೆಳೆಯಲ್ಪಟ್ಟು ಟ್ರ್ಯಾಕ್ ವಿರೂಪಗೊಳ್ಳುತ್ತದೆ. ನಾಬ್ ಬಿಗಿಯಾದಂತೆ ತೋರಿದರೂ ಜಾಬ್ ಸಡಿಲವಾಗಿಯೇ ಇರುತ್ತದೆ. ತಲೆ ಕೆಳಗಿರುವ ಟಿ-ಬೋಲ್ಟ್ ಬಳಸಿದಲ್ಲಿ ಈ ತೊಂದರೆ ಇರುವುದಿಲ್ಲ.

4.4 ಕ್ಲಾಂಪ್‌ಗಳ ಸಂಖ್ಯೆ ಮತ್ತು ಕ್ರಮ: ಜಾಬಿನ ನಾಲ್ಕು ಮೂಲೆಗಳಿಗೆ ಸಮೀಪ ನಾಲ್ಕು ಕ್ಲಾಂಪ್ ಸಾಮಾನ್ಯ ನಿಯಮ. ಎರಡಕ್ಕಿಂತ ಕಡಿಮೆ ಎಂದಿಗೂ ಕೂಡದು. ಒಂದೇ ಕ್ಲಾಂಪ್ ಇದ್ದರೆ ಜಾಬ್ ಅದರ ಸುತ್ತ ತಿರುಗುತ್ತದೆ. ಮೊದಲು ಎಲ್ಲವನ್ನೂ ಹಗುರವಾಗಿ ಕೂರಿಸಿ, ನಂತರ ಎದುರು-ಬದುರು ಮೂಲೆಗಳ ಕ್ರಮದಲ್ಲಿ ಬಿಗಿಯತಕ್ಕದ್ದು.

4.5 ಬಾಗಿದ ಹಲಗೆ: ಶ್ರೀನಿವಾಸಪುರ ಕಡೆಯ ಮಾವು, ಸಿಲ್ವರ್ ಓಕ್ ಮುಂತಾದ ಮರಗಳ ಹಲಗೆಗಳು ಸರಿಯಾಗಿ ಒಣಗದಿದ್ದಲ್ಲಿ ಬಾಗುತ್ತವೆ. ಬಾಗಿದ ಹಲಗೆಯನ್ನು ಕ್ಲಾಂಪಿನ ಬಲದಿಂದ ಸಮತಟ್ಟು ಮಾಡಿ ಕೆತ್ತಿದರೆ, ಬಿಚ್ಚಿದ ಕೂಡಲೇ ಅದು ಹಳೆಯ ಬಾಗಿಗೆ ಮರಳುತ್ತದೆ; ಕೆತ್ತನೆಯ ಆಳವೂ ಕೆಡುತ್ತದೆ. ಹಲಗೆಯನ್ನು ಮೊದಲು ಒಣಗಿಸಿ ಕೀಸುವುದು, ಅಥವಾ ಅಲುಗಾಡುವ ಜಾಗಗಳ ಕೆಳಗೆ ತೆಳುವಾದ ಬೆಣೆ ನೀಡಿ ಅದಿರುವ ಆಕಾರದಲ್ಲಿಯೇ ಹಿಡಿದು ಮೇಲ್ಮೈಯನ್ನು ಸಮಗೊಳಿಸುವುದು ಸರಿಯಾದ ಕ್ರಮ.

5. ಪ್ರೋಗ್ರಾಂನಲ್ಲಿ ಕ್ಲಾಂಪಿನ ಲೆಕ್ಕ

ಸಾಮಾನ್ಯ ಹವ್ಯಾಸಿ ಯಂತ್ರಗಳಿಗೆ ಕ್ಲಾಂಪ್ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಅವುಗಳ ಸ್ಟೆಪ್ಪರ್ ಮೋಟಾರುಗಳು ನೀಡಿದ ಆದೇಶದಂತೆ ಹೆಜ್ಜೆ ಹಾಕುತ್ತವೆ. ಹೆಜ್ಜೆ ತಪ್ಪಿದರೂ ನಿಯಂತ್ರಕಕ್ಕೆ ಅದರ ಅರಿವಾಗುವುದಿಲ್ಲ. ಬಿಟ್ ಕ್ಲಾಂಪಿಗೆ ಬಡಿದು ಸ್ಥಾನ ತಪ್ಪಿದ ಮೇಲೂ ಯಂತ್ರ ತಪ್ಪು ಜಾಗದಲ್ಲಿ ಕೆತ್ತನೆಯನ್ನು ಮುಂದುವರಿಸುತ್ತದೆ.

ಇದಕ್ಕೆ ಸಾಮಾನ್ಯ ಕಾರಣ, ಒಂದು ಗೆರೆಯಿಂದ ಇನ್ನೊಂದಕ್ಕೆ ಸಾಗುವಾಗ ಬಿಟ್ ಏರುವ ಎತ್ತರವನ್ನು 5 ಮಿ.ಮೀ. ಎಂದು ಬಿಟ್ಟಿರುವುದು. ಕ್ಲಾಂಪಿನ ದಪ್ಪ 10 ಮಿ.ಮೀ., ಅದರ ಮೇಲೆ ನಾಬ್ ಮತ್ತು ಬೋಲ್ಟಿನ ತುದಿ 25 ಮಿ.ಮೀ. ಇದ್ದರೆ ಜಾಬಿನ ಮೇಲ್ಮೈಯಿಂದ ಒಟ್ಟು ಅಡಚಣೆ 35 ಮಿ.ಮೀ. ಆಗುತ್ತದೆ. 3018 ಮಾದರಿಯಲ್ಲಿ ಬಿಟ್ ಮೇಲೆ-ಕೆಳಗೆ ಚಲಿಸುವ ಅಂತರ ಸುಮಾರು 45 ಮಿ.ಮೀ. ಮಾತ್ರ ಇರುವುದರಿಂದ, ಎತ್ತರಿಸಿ ದಾಟುವುದು ಎಲ್ಲ ಕಡೆ ಸಾಧ್ಯವಾಗದು. ಆದುದರಿಂದ:

(ಅ) ವಿನ್ಯಾಸದಲ್ಲಿ ಜಾಬಿನ ಅಂಚಿನಲ್ಲಿ ಕ್ಲಾಂಪಿಗಾಗಿ ಕನಿಷ್ಠ 30 ಮಿ.ಮೀ. ಜಾಗವನ್ನು ಮೊದಲೇ ಬಿಡತಕ್ಕದ್ದು.
(ಆ) ಗಿಡ್ಡ ನಾಬ್ ಮತ್ತು ಅಗತ್ಯಕ್ಕೆ ತಕ್ಕ ಉದ್ದದ ಬೋಲ್ಟ್ ಬಳಸತಕ್ಕದ್ದು.
(ಇ) ಬಿಟ್ ಮಾತ್ರವಲ್ಲದೆ, ಅದನ್ನು ಹಿಡಿಯುವ ಕಾಲೆಟ್ ನಟ್ ಮತ್ತು ದೂಳು ಹೀರುವ ಬ್ರಷ್ ಕೂಡ ಕ್ಲಾಂಪಿಗೆ ತಗಲಬಹುದು ಎಂಬುದನ್ನು ಗಮನಿಸತಕ್ಕದ್ದು.
(ಈ) ಕೆತ್ತನೆಗೆ ಮೊದಲು, ಬಿಟ್ಟನ್ನು ಕ್ಲಾಂಪ್‌ಗಳಿಗಿಂತ ಮೇಲೆ ಎತ್ತಿ, ರೂಟರ್ ಮೋಟಾರನ್ನು ನಿಲ್ಲಿಸಿ, ವಿನ್ಯಾಸದ ಹೊರ ಚೌಕಟ್ಟಿನ ಸುತ್ತ ಒಮ್ಮೆ ಯಂತ್ರವನ್ನು ಓಡಿಸಿ ನೋಡತಕ್ಕದ್ದು.

6. ಕ್ಲಾಂಪ್ ಮಾತ್ರ ಸಾಲದ ಸಂದರ್ಭಗಳು

ತೆಳುವಾದ ಪ್ಲೈವುಡ್ ಅಥವಾ ಅಕ್ರಿಲಿಕ್ ಹಾಳೆಯನ್ನು ಅಂಚಿನಲ್ಲಿ ಮಾತ್ರ ಹಿಡಿದರೆ ನಡುಭಾಗ ಮೇಲೇಳುತ್ತದೆ. ಸುರುಳಿಯ ಬಿಟ್‌ಗಳಲ್ಲಿ ಹೊಟ್ಟನ್ನು ಮೇಲಕ್ಕೆ ಎಸೆಯುವ ಬಗೆಯು ಹಾಳೆಯನ್ನೂ ಮೇಲಕ್ಕೆ ಸೆಳೆಯುತ್ತದೆ. ಇಂತಹ ಕಡೆ ಕೆಳಕ್ಕೆ ಒತ್ತುವ ಬಗೆಯ ಬಿಟ್, ಅಥವಾ ಕ್ಲಾಂಪ್‌ಗಳ ಜೊತೆಗೆ ನಡುಭಾಗದಲ್ಲಿ ಎರಡು ಬದಿ ಅಂಟುವ ಟೇಪ್ ಬಳಸಬಹುದು.

ಅಕ್ಷರ ಅಥವಾ ಬೊಂಬೆಯ ಆಕಾರವನ್ನು ಪೂರ್ಣವಾಗಿ ಕತ್ತರಿಸುವಾಗ, ಕೊನೆಯ ಸುತ್ತಿನಲ್ಲಿ ಆ ತುಂಡನ್ನು ಯಾವ ಕ್ಲಾಂಪೂ ಹಿಡಿದಿರುವುದಿಲ್ಲ. ಬಿಡುಗಡೆಯಾದ ತುಂಡು ತಿರುಗುವ ಬಿಟ್‌ಗೆ ಸಿಕ್ಕಿ ಹಾರಬಹುದು. ಆದ್ದರಿಂದ ಪ್ರೋಗ್ರಾಂನಲ್ಲಿ ಮೂರು ನಾಲ್ಕು ಕಡೆ ಸಣ್ಣ ಸೇತುವೆಗಳನ್ನು ಉಳಿಸಿ, ಕೆಲಸ ಮುಗಿದ ನಂತರ ಉಳಿಯಿಂದ ಬಿಡಿಸತಕ್ಕದ್ದು.

7. ಸುರಕ್ಷತೆ

ಕೈ ರೂಟರ್‌ಗಳ ಮೋಟಾರುಗಳು ನಿಮಿಷಕ್ಕೆ 10,000ದಿಂದ 30,000 ಸುತ್ತು ತಿರುಗುತ್ತವೆ. ಕಾರ್ಬೈಡ್ ಬಿಟ್ ಗಡುಸು, ಆದರೆ ಪೆಡಸು. ಲೋಹದ ಕ್ಲಾಂಪಿಗೆ ಬಡಿದರೆ ಚೂರಾಗಿ ಸಿಡಿಯುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಬಿಟ್ ಸಮೀಪಿಸುವ ಜಾಗಗಳಲ್ಲಿ ಗಟ್ಟಿ ಮರದ ಕ್ಲಾಂಪ್ ಬಳಸಿದರೆ ಹಾನಿ ಕಡಿಮೆ. ಬಿಟ್ ತಿರುಗುತ್ತಿರುವಾಗ ಸಡಿಲವಾದ ನಾಬನ್ನು ಬಿಗಿಯಲು ಕೈ ಚಾಚುವುದನ್ನು ಸಂಪೂರ್ಣವಾಗಿ ವರ್ಜಿಸತಕ್ಕದ್ದು. ಮೊದಲು ಯಂತ್ರವನ್ನು ನಿಲ್ಲಿಸಬೇಕು. ತುರ್ತು ನಿಲುಗಡೆಯ ಸ್ವಿಚ್ಚು ಕೈಗೆಟುಕುವಂತಿರಲಿ.

ಗಣಿ ಕಾಲೊನಿಗಳಲ್ಲಿ ಸಾಲುಮನೆಗಳ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಂಡಿಎಫ್ ದೂಳು ಉಸಿರಾಟಕ್ಕೆ ಹಾನಿಕರ. ಮುಖಗವಸು ಧರಿಸುವುದು, ದೂಳನ್ನು ಹೀರುವ ವ್ಯವಸ್ಥೆ ಮಾಡಿಕೊಳ್ಳುವುದು ಹಾಗೂ ರಾತ್ರಿ ವೇಳೆ ಯಂತ್ರ ಓಡಿಸದಿರುವುದು ಮನೆಯವರ ಮತ್ತು ನೆರೆಯವರ ಹಿತದೃಷ್ಟಿಯಿಂದ ಅಗತ್ಯ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೆಲಸದ ನಡುವೆ ವಿದ್ಯುತ್ ಕಡಿತವಾದರೆ ಏನು ಮಾಡಬೇಕು?
ಉತ್ತರ: ರೂಟರ್ ಮೋಟಾರಿನ ಸ್ವಿಚ್ಚನ್ನು ಆರಿಸಿ, ಬಿಟ್ಟನ್ನು ಜಾಗರೂಕತೆಯಿಂದ ಮೇಲೆತ್ತಬೇಕು. ಯಾವುದೇ ಕಾರಣಕ್ಕೂ ಕ್ಲಾಂಪನ್ನು ಸಡಿಲಿಸಬಾರದು. ಯಂತ್ರ ತನ್ನ ಸ್ಥಾನವನ್ನು ಮರೆತಿರುತ್ತದೆ. ಜಾಬ್ ಅಲುಗದೆ ಇದ್ದರೆ ಮಾತ್ರ ಮೂಲ ಬಿಂದುವನ್ನು ಮತ್ತೆ ಹೊಂದಿಸಿ ಕೆಲಸ ಮುಂದುವರಿಸಬಹುದು. ಇದಕ್ಕಾಗಿ ಮೂಲ ಬಿಂದುವಿನಲ್ಲಿ ಆರಂಭದಲ್ಲಿಯೇ ಒಂದು ಸಣ್ಣ ಚುಕ್ಕೆ ಕೊರೆದಿಟ್ಟುಕೊಳ್ಳುವುದು ಉಪಯುಕ್ತ. ನಿರ್ವಾತದಿಂದ ಹಿಡಿಯುವ ಮೇಜುಗಳಲ್ಲಿ ವಿದ್ಯುತ್ ಹೋದೊಡನೆ ಹಿಡಿತವೂ ಹೋಗುತ್ತದೆ. ಕ್ಲಾಂಪಿನಲ್ಲಿ ಆ ತೊಂದರೆ ಇಲ್ಲ.

ಪ್ರಶ್ನೆ: ದೀರ್ಘ ಕೆಲಸದಲ್ಲಿ ನಾಬ್ ಸಡಿಲವಾಗುವುದೇಕೆ?
ಉತ್ತರ: ಕಂಪನ ಒಂದು ಕಾರಣ, ಕ್ಲಾಂಪಿನ ಒತ್ತಡಕ್ಕೆ ಮೃದು ಮರ ಸ್ವಲ್ಪ ತಗ್ಗುವುದು ಇನ್ನೊಂದು. ಮುಂತುದಿಯ ಕೆಳಗೆ ಪ್ಲೈವುಡ್ ಚೂರು ಇರಿಸಿದರೆ ಒತ್ತಡ ಹರಡುತ್ತದೆ, ಕಲೆಯೂ ಬೀಳುವುದಿಲ್ಲ. ಬಿಗಿದ ಐದು ನಿಮಿಷಗಳ ನಂತರ ಎಲ್ಲ ನಾಬ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ಪ್ರಶ್ನೆ: ಸಿದ್ಧ ಕ್ಲಾಂಪ್‌ಗಳನ್ನೇ ಕೊಳ್ಳಬೇಕೇ?
ಉತ್ತರ: ಅಗತ್ಯವಿಲ್ಲ. ಟಿ-ಬೋಲ್ಟ್ ಮತ್ತು ನಾಬ್‌ಗಳನ್ನು ಕೊಂಡು, ಕ್ಲಾಂಪಿನ ಪಟ್ಟಿಯನ್ನು ಗಟ್ಟಿ ಮರ ಅಥವಾ ದಪ್ಪ ಪ್ಲೈವುಡ್‌ನಲ್ಲಿ ಅದೇ ಯಂತ್ರದಿಂದ ತಯಾರಿಸಿಕೊಳ್ಳಬಹುದು.

9. ಯಂತ್ರ ಚಾಲನೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ಟ್ರ್ಯಾಕಿನ ಸ್ಕ್ರೂಗಳು ಬಿಗಿಯಾಗಿವೆಯೇ?
2) ಜಾಬಿನ ಕೆಳಗೆ ಹೊಟ್ಟು, ಚೂರು ಉಳಿದಿಲ್ಲವೇ?
3) ಬೋಲ್ಟ್ ಜಾಬಿಗೆ ಸಮೀಪವಾಗಿದೆಯೇ?
4) ಹಿಂತುದಿ ಸಮ ಅಥವಾ ತುಸು ಎತ್ತರದಲ್ಲಿದೆಯೇ?
5) ಕೈಯಿಂದ ಬಲವಾಗಿ ತಳ್ಳಿದರೂ ಜಾಬ್ ಅಲುಗದೆ ಇದೆಯೇ?
6) ಚೌಕಟ್ಟಿನ ಸುತ್ತ ಖಾಲಿ ಓಟ ಮುಗಿದಿದೆಯೇ?
7) ಕನ್ನಡಕ, ಮುಖಗವಸು ಧರಿಸಲಾಗಿದೆಯೇ?

ಮೇಲ್ಕಂಡ ಪರಿಶೀಲನೆಗೆ ಐದು ನಿಮಿಷ ಸಾಕು. ಒಂದು ಜಾಬ್ ಕೆಟ್ಟರೆ ಆಗುವ ನಷ್ಟದ ಲೆಕ್ಕದಲ್ಲಿ ಹಲಗೆಯ ಬೆಲೆ, ಬಿಟ್‌ನ ಬೆಲೆ, ಕಳೆದುಹೋದ ಗಂಟೆಗಳು ಹಾಗೂ ಗ್ರಾಹಕರಿಗೆ ನೀಡಿದ ದಿನಾಂಕ ಇವೆಲ್ಲವೂ ಸೇರುತ್ತವೆ. ಬೆಂಗಳೂರಿನ ಕೆಲಸ ಮುಗಿಸಿ ರಾತ್ರಿ ಮನೆ ಸೇರುವವರಿಗೆ ಯಂತ್ರದ ಮುಂದೆ ದೊರೆಯುವ ಸಮಯ ವಾರದಲ್ಲಿ ಒಂದೇ ದಿನವಾಗಿರುವುದೂ ಉಂಟು. ಆದ್ದರಿಂದ ಮೊದಲ ಬಾರಿ ಯಂತ್ರ ಅಳವಡಿಸುವವರು ಬೆಲೆಬಾಳುವ ಮರವನ್ನು ಬಳಸುವ ಮುನ್ನ, ಎಂಡಿಎಫ್ ತುಂಡಿನ ಮೇಲೆ ಈ ಕ್ರಮವನ್ನು ಎರಡು ಮೂರು ಬಾರಿ ಅಭ್ಯಾಸ ಮಾಡಿಕೊಳ್ಳುವಂತೆ ಸೂಚಿಸಲಾಗಿದೆ.